ಮಲಕಪ್ಪನ ಹದಿನೆಂಟು ಡಿಗ್ರಿ

ಹನ್ನೊಂದು ವರ್ಷ ಹದಿನೆಂಟು ಡಿಗ್ರಿ ಇರಲೇಬೇಕು ಎಂದು ತಲೆ ತಿಂದವರು, ಹನ್ನೆರಡನೆಯ ವರ್ಷದ ಒಂದು ಬುಧವಾರ ಎದುರಿಗೆ ಕೂರಿಸಿಕೊಂಡು, ‘ಹದಿನೆಂಟು ಯಾಕೆ ಇಟ್ಟೆ?’ ಎಂದು ಕೇಳಿದರು. ಆ ಮಾತಿನ ಉರಿ ಮಲಕಪ್ಪನ ಹೊಟ್ಟೆಯಲ್ಲಿ ಇವತ್ತಿಗೂ ಆರಿಲ್ಲ. ಎದುರಿಗೆ ಯಾರೇ ಸಿಕ್ಕರೂ, ಬಸ್ಸಿನಲ್ಲಿ ಪಕ್ಕದ ಸೀಟಿನವನಾದರೂ ಸರಿ, ಅದನ್ನೇ ತೆಗೆಯುತ್ತಾನೆ. ಕೇಳುವವರು ಅರ್ಧಕ್ಕೇ ಮೊಬೈಲು ನೋಡತೊಡಗುತ್ತಾರೆ.

ಅವನು ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಸಿಟಿಯ ಎರಡನೇ ಫೇಸಿನ ದೊಡ್ಡ ಕಂಪನಿಯೊಂದರ ನೆಲಮಹಡಿಯ ಸರ್ವರ್ ರೂಮಿನಲ್ಲಿ. ಮೇಲಿನ ಏಳು ಮಹಡಿಗಳ ಜನ ಬಡಿಯುವ ಕಂಪ್ಯೂಟರಿಗೆಲ್ಲ ಮೂಲ ಅಲ್ಲಿದೆ. ಬೀರುವಿನಷ್ಟು ಎತ್ತರದ ಕಪ್ಪು ರ‍್ಯಾಕುಗಳು ಸಾಲಾಗಿ ನಿಂತು ಹಗಲೂ ರಾತ್ರಿ ಬಿಸಿಯಾಗುತ್ತವೆ. ಅವುಗಳನ್ನು ತಣ್ಣಗಿಡಲು ಗೋಡೆಗುಂಟ ಆರು ಭಾರಿ ಎಸಿ ಮೆಷಿನ್ನುಗಳು. ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗೆ ಸದ್ದು. ಮೇ ತಿಂಗಳಲ್ಲೂ ಸ್ವೆಟರು, ಮಂಕಿ ಕ್ಯಾಪು. ಎರಡು ಗಂಟೆಗೊಮ್ಮೆ ಸುತ್ತು ಹಾಕಿ ರೂಮಿನ ಡಿಗ್ರಿಯನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು ಆಪರೇಟರನ ಕೆಲಸ. ಕಿಟಕಿಯಿಲ್ಲ. ಒಳಗೆ ಇನ್ನೊಂದು ನರಪಿಳ್ಳೆಯಿಲ್ಲ.

ಮಲಕಪ್ಪ ಇಂಡಿ ಕಡೆಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಪೀಣ್ಯದ ವರ್ಕ್‌ಶಾಪಿನಲ್ಲಿ ಕಂಪ್ರೆಸರ್ ಬಿಚ್ಚುವುದು ಕಲಿತು, ಅಲ್ಲಿಂದ ಕಾಂಟ್ರ್ಯಾಕ್ಟರನ ಕೈಕೆಳಗೆ ಇಲ್ಲಿಗೆ ಬಂದ. ಕೆಲಸ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಮೂರು ಸೂಪರ್‌ವೈಜರುಗಳ ಜೊತೆ ಜಗಳವಾಡಿದ್ದಾನೆ. ಹೆಂಡತಿ ಮಹಾಂತಮ್ಮ ತೀರಿಕೊಂಡ ಮೇಲೆ ದೊಡ್ಡತೋಗೂರಿನ ಶೀಟು ಮನೆಯಲ್ಲಿ ಅವನೊಬ್ಬನೇ. ಮಗಳು ಸೊಲ್ಲಾಪುರದಲ್ಲಿ, ಅವಳ ಸಂಸಾರ ಅವಳಿಗೆ.

ಇಂಥವನಿಗೆ ದಿನಕ್ಕೆ ಅರ್ಧ ಗಂಟೆ ಮಾತಿಗೆ ಸಿಗುತ್ತಿದ್ದವನು ಮುನಿಯಣ್ಣ. ಮಲಕಪ್ಪನದು ಬೆಳಿಗ್ಗೆ ಆರರಿಂದ ಎರಡರ ಪಾಳಿ. ಎರಡರಿಂದ ಹತ್ತು ಮುನಿಯಣ್ಣನದು. ಚಾರ್ಜು ಕೊಡುವಾಗ ಇಬ್ಬರೂ ಕೂಡಿ ಒಂದು ಸುತ್ತು ಬರಬೇಕು ಎಂಬುದು ರೂಢಿ. ಸುತ್ತು ಐದು ನಿಮಿಷ, ಉಳಿದ ಹೊತ್ತು ಬಾಗಿಲಾಚೆಯ ಮೆಟ್ಟಿಲ ಮೇಲೆ ಬುತ್ತಿ. ಮುನಿಯಣ್ಣ ಅಲ್ಲೇ ಪಕ್ಕದ ದೊಡ್ಡನಾಗಮಂಗಲದವನು, ಐವತ್ತೆಂಟರ ಮುದುಕ. ಇವನ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

“ಇದೇನ್ಲಾ ಮಲಕಪ್ಪ, ಈ ಪಾಟಿ ಗಟ್ಟಿ. ಎಸಿ ಫಿಲ್ಟರ್ ಅರ್ದೋದ್ರೆ ಇದ್ನೇ ಆಕ್ಬೌದು.”

“ತಿನ್ನೂದಿದ್ರ ತಿನ್ನು. ನಿನ್ನ ಮುದ್ದಿಯಂಗ ಅಗೀದ ನುಂಗಾಕ ನಾ ಏನ್ ಹಾವೇನು?”

ಇಷ್ಟೇ. ಇದಕ್ಕಾಗಿ ಮಲಕಪ್ಪ ಹನ್ನೆರಡು ಗಂಟೆಯಿಂದಲೇ ಗಡಿಯಾರ ನೋಡುತ್ತಿದ್ದ.

ಆಪರೇಟರುಗಳಲ್ಲಿ ಇನ್ನೊಂದು ವಾಡಿಕೆಯಿದೆ. ಒಬ್ಬನಿಗೆ ಅಡಚಣೆಯಾದರೆ ಇನ್ನೊಬ್ಬ ಅವನ ಪಾಳಿಗೆ ನಿಲ್ಲುತ್ತಾನೆ, ರಿಜಿಸ್ಟರಿನಲ್ಲಿ ಅವನ ಹೆಸರೇ ಬರೆಯುತ್ತಾನೆ. ಅದನ್ನು ತೀರಿಸುವುದು ಡ್ಯೂಟಿಯಿಂದಲೇ. ದುಡ್ಡು ಕೊಡಲು ಹೋದರೆ ಕಪಾಳಕ್ಕೆ ಬೀಳುತ್ತದೆ. ಮಹಾಂತಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿದಾಗ ಮಲಕಪ್ಪ ಹೋದವನು ಮಣ್ಣು ಮಾಡಿ, ಕಾರ್ಯ ಮುಗಿಸಿಕೊಂಡೇ ಬಂದ. ಮೂರು ದಿನ ತಪ್ಪಿದರೆ ಕಾಂಟ್ರ್ಯಾಕ್ಟರ್ ಹೊಸಬನನ್ನು ತಂದು ನಿಲ್ಲಿಸುತ್ತಾನೆ. ಹದಿನೇಳು ದಿನ ಮುನಿಯಣ್ಣ ಬೆಳಿಗ್ಗೆ ಆರಕ್ಕೆ ಬಂದು ರಾತ್ರಿ ಹತ್ತರವರೆಗೆ ಎರಡೂ ಪಾಳಿ ನಿಂತ, ತನ್ನ ಸೊಟ್ಟ ಅಕ್ಷರದಲ್ಲಿ ‘ಮಲಕಪ್ಪ’ ಎಂದು ಸಹಿ ಹಾಕಿದ. ಆ ಹದಿನೇಳರಲ್ಲಿ ಮಲಕಪ್ಪ ತೀರಿಸಿದ್ದು ಮೂರು. ಉಳಿದದ್ದನ್ನು ಕೇಳಿದರೆ ಮುದುಕ, “ಇರ್ಲಿ ಇರು, ಮಂಡಿ ಪೂರಾ ಓದಾಗ ತಕ್ಕೊಂತೀನಿ,” ಎನ್ನುತ್ತಿದ್ದ.

ಮಂಡಿ ಹೋಗಲು ಶುರುವಾಗಿದ್ದು ಆ ಹದಿನೇಳು ದಿನದ ಚಳಿಯಲ್ಲೇ. ಆಮೇಲೆ ಮುನಿಯಣ್ಣ ಒಂದು ಉಪಾಯ ಕಂಡುಕೊಂಡ. ಚಾರ್ಜು ತೆಗೆದುಕೊಂಡು ಮಲಕಪ್ಪ ಆಚೆ ಹೋದ ಕೂಡಲೇ ಆರರಲ್ಲಿ ಎರಡು ಮೆಷಿನ್ನು ಆರಿಸಿಬಿಡುವುದು. ರೂಮು ಮೆಲ್ಲಗೆ ಇಪ್ಪತ್ತನಾಲ್ಕಕ್ಕೆ ಏರುತ್ತಿತ್ತು. ಅಲಾರಂ ಕೂಗುವುದು ಇಪ್ಪತ್ತೇಳು ದಾಟಿದರೆ ಮಾತ್ರ. ಒಂಬತ್ತಕ್ಕೆ ಮತ್ತೆ ಹಚ್ಚಿದರೆ, ರಾತ್ರಿ ಪಾಳಿಯವನು ಬರುವಷ್ಟರಲ್ಲಿ ಎಲ್ಲ ತಣ್ಣಗೆ. ರಿಜಿಸ್ಟರಿನ ನಾಲ್ಕೂ ಮನೆಯಲ್ಲಿ ಎರಡು ಗಂಟೆಗೇ ಒಂದೇ ಏಟಿಗೆ ಹದಿನೆಂಟು, ಹದಿನೆಂಟು, ಹದಿನೆಂಟು, ಹದಿನೆಂಟು. ಇದನ್ನು ಅವನು ಹೇಳಿದ್ದು ಮಲಕಪ್ಪನೊಬ್ಬನಿಗೆ.

ಹೀಗೆ ಎರಡು ವರ್ಷ ಕಳೆಯಿತು. ಒಂದೂ ಕಂಪ್ಯೂಟರು ನಿಲ್ಲಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಕಂಪನಿಗೆ ಪರಿಸರದ ಮೇಲೆ ಪ್ರೀತಿ ಬಂತು. ಲಿಫ್ಟಿನ ಪಕ್ಕ ಹಸಿರು ಎಲೆಯ ಚಿತ್ರ ಬಿತ್ತು, ಕಾಗದದ ಲೋಟ ಹೋಗಿ ಸ್ಟೀಲಿನದು ಬಂತು. ಇಡೀ ಕಟ್ಟಡದಲ್ಲಿ ಕರೆಂಟು ಜಾಸ್ತಿ ನುಂಗುವುದು ಸರ್ವರ್ ರೂಮೇ ಎಂದು, ಸ್ಫೂರ್ತಿ ಎಂಬ ಇಂಜಿನಿಯರ್ ಹುಡುಗಿ ಬಂದು ಪ್ರತಿ ಮೆಷಿನ್ನಿಗೂ ಒಂದೊಂದು ಮೀಟರು ಕೂರಿಸಿದಳು.

“ಅಣ್ಣಾ, ಮೀಟರ್ ಹಚ್ಯಾರ. ನಿನ್ನ ಆಟ ಬಂದ್ ಮಾಡು,” ಎಂದ ಮಲಕಪ್ಪ.

ಮುನಿಯಣ್ಣ ಮುದ್ದೆ ಮುರಿಯುತ್ತ ನಕ್ಕ. “ಕರೆಂಟ್ ಜಾಸ್ತಿ ತಿಂದ್ರೆ ಬಯ್ತಾರೆ ಕಣಪ್ಪಾ. ಕಮ್ಮಿ ತಿಂದ್ರೆ ಯಾವನ್ಲಾ ಬಯ್ಯೋನು?”

ಮಲಕಪ್ಪನಿಗೂ ಹೌದಲ್ಲ ಎನ್ನಿಸಿತು. ಇಬ್ಬರೂ ತಪ್ಪು ಎಣಿಸಿದ್ದು ಅಲ್ಲೇ.

ಆ ಬುಧವಾರ ಕಟ್ಟಡದ ಮ್ಯಾನೇಜರು ಶಿವರಾಜ್, ಮಲಕಪ್ಪನನ್ನು ಮೇಲಿನ ಗಾಜಿನ ಕೋಣೆಗೆ ಕರೆಸಿದ. ಪಕ್ಕದಲ್ಲಿ ಸ್ಫೂರ್ತಿ, ಗೋಡೆಯ ಪರದೆಯ ಮೇಲೆ ಒಂದು ಗೆರೆ. ರಾತ್ರಿಯಿಂದ ಮಲಕಪ್ಪನ ಪಾಳಿ ಮುಗಿಯುವವರೆಗೆ ಗೆರೆ ಮೇಲೆ. ಎರಡು ಗಂಟೆಯ ನಂತರ ಧೊಪ್ಪನೆ ಕೆಳಗೆ.

“ಎಲ್ಲಾ ಪಾಳಿಯಲ್ಲೂ ಹದಿನೆಂಟು ಅಂತ ಬರ್ದಿದೀರಿ. ಮುನಿಯಣ್ಣನ ಪಾಳಿಗಿಂತ ನಿಮ್ಮ ಪಾಳಿಯಲ್ಲಿ ಕರೆಂಟ್ ಇಷ್ಟು ಜಾಸ್ತಿ ಯಾಕ್ರೀ ಹೋಗತ್ತೆ?” ಎಂದ ಶಿವರಾಜ್. “ಹದಿನೆಂಟೇ ಇಡ್ಬೇಕು ಅಂತ ಯಾರ್ರೀ ಹೇಳಿದ್ದು? ಮೆಷಿನ್ ನಡಸೋದು ಹೇಗೆ ಅಂತ ಸ್ವಲ್ಪ ಮುನಿಯಣ್ಣನ್ನ ನೋಡಿ ಕಲ್ತ್ಕೊಳ್ಳಿ.”

ಹದಿನೆಂಟು ಎಂದು ಹೇಳಿದವನು ಅದೇ ಶಿವರಾಜ್. ಸರ್ವರ್ ರೂಮಿನ ಬಾಗಿಲ ಮೇಲೆ ಅಂಟಿಸಿದ್ದ ಕಾಗದದ ಕೆಳಗೆ ಅವನದೇ ಸಹಿಯಿತ್ತು. ಮಲಕಪ್ಪನ ಕಿವಿ ಬಿಸಿಯಾದವು.

“ಅದರಾಗ ಕಲಿಯೂದೇನೈತ್ರಿ?” ಎಂದ. “ಎರಡ್ ಮಷೀನ್ ಬಂದ್ ಮಾಡಿ ಕುಂಡ್ರತಾನ. ನನಗೂ ಬಂದ್ ಮಾಡಾಕ ಬರ್ತೈತಿ. ಇಪ್ಪತ್ತನಾಲ್ಕ ಇಟ್ಟು ಹದಿನೆಂಟಂತ ಸುಳ್ಳ ಬರಿಯೂದು ಮಾತ್ರ ನನಗ ಬರೂದಿಲ್ರಿ.”

ಹೇಳಿ ಮುಗಿದ ಮೇಲೆ ತಾನು ಏನು ಹೇಳಿದೆನೆಂಬುದು ಅವನ ಕಿವಿಗೆ ಬಿತ್ತು.

ಸ್ಫೂರ್ತಿ ಮುಂದಕ್ಕೆ ಬಾಗಿದಳು. “ಇಪ್ಪತ್ತನಾಲ್ಕಾ? ಎಷ್ಟು ದಿನದಿಂದ?”

“ಎರಡ್ ವರ್ಷ ಆಗಿರಬೇಕ್ರಿ.”

“ಏನೂ ಕೆಟ್ಟಿಲ್ವಾ?” ಅವಳ ಮುಖ ಅರಳಿತ್ತು. “ಸರ್, ಇದನ್ನ ತೋರಿಸೋಕೆ ನಾವು ಆರು ತಿಂಗಳು ಟ್ರಯಲ್ ಕೇಳ್ಬೇಕು ಅಂತಿದ್ವಿ.”

“ಮುನಿಯಣ್ಣಗ ತ್ರಾಸ ಆಗಬಾರದ್ರಿ ಮೇಡಂ.”

“ಛೇ, ಅವ್ರಿಗ್ಯಾಕೆ ಆಗತ್ತೆ? ಒಳ್ಳೇದೇ ಮಾಡಿದಾರಲ್ಲ,” ಎಂದಳು. ಅವಳು ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಆ ಕೋಣೆಯಲ್ಲಿ ಅವಳ ಮನಸ್ಸನ್ನು ಕೇಳುವವರಿರಲಿಲ್ಲ.

ಶುಕ್ರವಾರ ಕಾಂಟ್ರ್ಯಾಕ್ಟರ್ ಕಡೆಯವರು ನೆಲಮಹಡಿಗೇ ಬಂದರು. ಡಿಗ್ರಿ ಏರಿಸಿದ್ದು ಅವರಿಗೆ ತಪ್ಪಾಗಿ ಕಾಣಲಿಲ್ಲ. ಸುಳ್ಳು ಬರೆದದ್ದು ಕಂಡಿತು. ಹಳೆಯ ರಿಜಿಸ್ಟರುಗಳನ್ನೆಲ್ಲ ಮೇಜಿನ ಮೇಲೆ ರಾಶಿ ಹಾಕಿ, ಚಾರ್ಜು ಬದಲಾಗುವ ಹೊತ್ತಿಗೇ ಇಬ್ಬರನ್ನೂ ನಿಲ್ಲಿಸಿಕೊಂಡರು. ಶಿವರಾಜ್ ಹಾಳೆ ಮಗುಚುತ್ತ ಹೋದವನು ಎರಡು ವರ್ಷಕ್ಕೂ ಹಿಂದಿನ ಪುಟದಲ್ಲಿ ನಿಂತ.

“ಮುನಿಯಣ್ಣ, ಈ ಮಲಕಪ್ಪನ ಸಹಿ ಯಾಕೆ ನಿಮ್ಮ ಅಕ್ಷರದ ಥರ ಇದೆ? ಒಂದಲ್ಲ, ಸಾಲಾಗಿ ಇದೆ.”

ಹೌದು, ನಾನು ಇರಲಿಲ್ಲ, ಹೆಂಡತಿ ಸತ್ತಿದ್ದಳು, ಮುನಿಯಣ್ಣ ನನಗಾಗಿ ನಿಂತ ಎಂದು ಮಲಕಪ್ಪ ಹೇಳಬಹುದಿತ್ತು. ಹೇಳಿದರೆ ತನ್ನ ಕೆಲಸವೂ ಅಲ್ಲೇ ಮುಗಿಯುತ್ತಿತ್ತು. ಐವತ್ತರ ಹತ್ತಿರ ಬಂದವನು ಪೀಣ್ಯಕ್ಕೆ ಮತ್ತೆ ಹೆಲ್ಪರನಾಗಿ ಹೋಗಬೇಕಿತ್ತು. ಮೂರು ಸೂಪರ್‌ವೈಜರುಗಳನ್ನು ಬೈದ ಆ ನಾಲಿಗೆ ಅವತ್ತು ಮೇಲೇಳಲಿಲ್ಲ.

ಮುನಿಯಣ್ಣ ಪುಟಕ್ಕೆ ಕಣ್ಣು ಹತ್ತಿರ ತಂದು ನೋಡಿದ. “ಅದು ಅವಯ್ಯಂದೇ ಸಾ. ಒಳ್ಗೆ ಚಳಿಗೆ ಕೈ ಮರಗಟ್ಟೋಗ್ತೈತೆ, ಯಾರ್ ಬರುದ್ರೂ ಇಂಗೇ ಬರೋದು. ಸುಳ್ಳು ಬರ್ದೋನು ನಾನೊಬ್ನೇ.”

ಕುತ್ತಿಗೆಯ ಐಡಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಮೆಟ್ಟಿಲವರೆಗೆ ಮಲಕಪ್ಪ ಹಿಂದೆ ಹೋದ. ಅಣ್ಣಾ ಎಂದು ಕರೆದ.

“ಒಳೀಕ್ ಓಗು,” ಎಂದ ಮುನಿಯಣ್ಣ, ತಿರುಗದೆ. “ಮೆಷಿನ್ ತಾವ ಯಾರೂ ಇಲ್ಲ.”

ಕೈಯಲ್ಲಿ ಬಿಚ್ಚದ ಬುತ್ತಿಯಿತ್ತು. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ.

ಈಗ ರೂಮು ಇಪ್ಪತ್ತೈದರಲ್ಲಿದೆ. ಎರಡು ಮೆಷಿನ್ನುಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದಾರೆ. ಲಿಫ್ಟಿನ ಪಕ್ಕದ ಹಸಿರು ಎಲೆಯ ಕೆಳಗೆ ಉಳಿಸಿದ ಯೂನಿಟ್ಟುಗಳ ಅಂಕಿ ವಾರ ವಾರ ಏರುತ್ತದೆ. ಎರಡನೇ ಪಾಳಿಗೆ ಹೊಸ ಆಪರೇಟರನನ್ನು ತರಲಿಲ್ಲ. ಸೆನ್ಸರು ಹಾಕಿ, ಬೇರೆ ಕಟ್ಟಡದಲ್ಲಿ ಯಾರೋ ಪರದೆಯ ಮೇಲೆ ನೋಡಿಕೊಳ್ಳುತ್ತಾರೆ. ಎರಡು ಗಂಟೆಗೆ ಮಲಕಪ್ಪ ಒಬ್ಬನೇ ಸುತ್ತು ಬರುತ್ತಾನೆ, ಒಬ್ಬನೇ ಬಾಗಿಲು ಹಾಕುತ್ತಾನೆ, ಮೆಟ್ಟಿಲ ಮೇಲೆ ರೊಟ್ಟಿ ಬಿಚ್ಚುತ್ತಾನೆ. ರೂಮು ಬೆಚ್ಚಗಿದ್ದರೂ ಸ್ವೆಟರು ಬಿಟ್ಟಿಲ್ಲ.

ಮೂರು ತಿಂಗಳ ನಂತರ ಒಂದು ಭಾನುವಾರ ಧೈರ್ಯ ಮಾಡಿ ದೊಡ್ಡನಾಗಮಂಗಲಕ್ಕೆ ಹೋದ. ಮುನಿಯಣ್ಣ ಜಗುಲಿಯ ಬಿಸಿಲಿಗೆ ಮಂಡಿ ಚಾಚಿ ಕೂತಿದ್ದ. ಅವನ ಹೆಂಡತಿ ಸುಬ್ಬಲಕ್ಷ್ಮಮ್ಮ ಚಾಪೆ ಹಾಕಿ, ಬಂದವನ ಮುಖ ನೋಡದೆ ಒಳಗೆ ಹೋದಳು.

ಮಲಕಪ್ಪ ಹೇಳಬೇಕೆಂದು ಬಂದದ್ದು ಒಂದು, ಬಾಯಿಗೆ ಬಂದದ್ದು ಇನ್ನೊಂದು.

“ಆ ಶಿವರಾಜ ನನಗ ಹಂಗ್ ಅನ್ನಬಾರದಿತ್ತಣ್ಣಾ. ಹನ್ನೊಂದ್ ವರ್ಷ ಹದಿನೆಂಟ ಹದಿನೆಂಟ ಅಂತ ಅಂದಾವ ಅವನಽ...”

“ಅದ್ನ ನಂಗ್ಯಾಕ್ ಯೋಳ್ತೀಯ?” ಎಂದ ಮುನಿಯಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಲಕಪ್ಪ ಹೇಗೋ ತಡೆದುಕೊಳ್ಳುತ್ತಿದ್ದ.

ಮತ್ತೆ ಅವನೇ ಬಾಯಿ ತೆಗೆದ. “ನಿನ್ನ ಹದಿನಾಕ ಡ್ಯೂಟಿ ನನ್ನ ಮ್ಯಾಲ ಅದಾವ. ನೀ ಈಗ ಎಲ್ಲಿ ನಿಂತಿದ್ರೂ ಹೇಳು. ಎರಡರ ಮ್ಯಾಲ ನಾ ಖಾಲಿ ಇರ್ತೀನಿ. ಬಂದ್ ನಿಂದರ್ತೀನಿ.”

“ಎಲ್ಲಿ ನಿಂತ್ಕಂತೀಯ? ಮೂರ್ ಕಡೆ ವಾಚ್‌ಮನ್ ಕೆಲ್ಸ ಕೇಳ್ದೆ. ನಡ್ಯೋದ್ ನೋಡುದ್ರು, ಬ್ಯಾಡ ಅಂದ್ರು.” ಮುದುಕ ಅಂಗೈಯಿಂದ ಮಂಡಿ ಉಜ್ಜಿಕೊಂಡ. “ನಂಗೇ ಡ್ಯೂಟಿ ಇಲ್ಲ, ನೀನು ಏನ್ ತೀರಿಸ್ತೀಯ?”

ಸುಬ್ಬಲಕ್ಷ್ಮಮ್ಮ ಕಾಫಿ ತಂದಿಟ್ಟಳು. ಬಿಸಿಯಿರುವಾಗಲೇ ಕುಡಿದು ಮಲಕಪ್ಪ ಎದ್ದ. ಬಸ್‌ಸ್ಟಾಪಿನವರೆಗೆ ನಡೆಯುತ್ತ, ಮುಂದಿನ ಭಾನುವಾರ ಬಂದು, ಬಾಯಿಬಿಟ್ಟವನು ನಾನೇ, ತಪ್ಪಾಯಿತು ಎಂಬ ಆ ಉಳಿದ ಮಾತನ್ನು ಹೇಳಿಯೇ ಬಿಡಬೇಕು ಎಂದುಕೊಂಡ. ಆ ಭಾನುವಾರ ಹೋಗಲಿಲ್ಲ, ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಯುಗಾದಿ ಕಳೆದ ಮೇಲೆ ಹೋದಾಗ ಮನೆಯ ಬಾಗಿಲಿಗೆ ಬೀಗವಿತ್ತು. ಮುನಿಯಣ್ಣನ ಮಗಳು ಧನಲಕ್ಷ್ಮಿ ಬಂದು ಇಬ್ಬರನ್ನೂ ಮಾಲೂರಿಗೆ ಕರೆದುಕೊಂಡು ಹೋದಳು ಎಂದು ಪಕ್ಕದ ಮನೆಯವರು ಹೇಳಿದರು. ಮಾಲೂರಿನಲ್ಲಿ ಎಲ್ಲಿ ಎಂದು ಅವರಿಗೆ ಗೊತ್ತಿರಲಿಲ್ಲ. ಹದಿನಾಲ್ಕು ಡ್ಯೂಟಿ ಮಲಕಪ್ಪನ ಮೇಲೆ ಹಾಗೇ ಉಳಿದವು.