ಮಗ್ಗದ ಸದ್ದಿಲ್ಲದ ಹಾಡು

ನರಗುಂದದಿಂದ ರೋಣಕ್ಕೆ ಹೋಗುವ ಏಳೂವರೆಯ ಬಸ್ಸು ಎಂಟಕ್ಕೆ ಬಂತು. ಕಿಟಕಿಯ ಗಾಜುಗಳು ಗಡಗಡ ಎನ್ನುತ್ತಿದ್ದವು. ಹಿಂದಿನ ಸೀಟಿನವರೊಬ್ಬರು ಮೊಬೈಲಿನ ಹಾಡನ್ನು ಇಡೀ ಬಸ್ಸಿಗೆ ಕೇಳಿಸುತ್ತಿದ್ದರು. ಅಷ್ಟು ಸಣ್ಣ ಸ್ಪೀಕರಿನಲ್ಲಿ ಹಾಡು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊರಡುವಾಗ ಹೆಂಡತಿ, "ನಿಮ್ಮ ಕಿವಿ ಭಾಳ ನಾಜೂಕ ಐತಿ, ನಮ್ಮ ಮಾತೊಂದ ಅದಕ್ಕ ಕೇಳಂಗಿಲ್ಲ" ಎಂದು ಚುಚ್ಚಿದ್ದಳು. ನಿವೃತ್ತನಾದಾಗ ನಾನು ಮೊದಲು ಕೊಂಡದ್ದೇ ಒಂದು ಜೊತೆ ಒಳ್ಳೆಯ ಸ್ಪೀಕರು.

ಈ ಪ್ರಯಾಣಕ್ಕೂ ಕಿವಿಯೇ ಕಾರಣ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಗಜೇಂದ್ರಗಡದಲ್ಲಿ ಸಾಲಿ ಮಾಸ್ತರನಾಗಿದ್ದೆ. ಪಕ್ಕದ ಮನೆಯ ನೇಕಾರ ಸಂಗಪ್ಪನವರು ಸೀರೆ ನೇಯುತ್ತ ತತ್ವಪದ ಹಾಡುತ್ತಿದ್ದರು. ಅಂಥ ಧ್ವನಿ ಮತ್ತೆಲ್ಲೂ ಕೇಳಿಲ್ಲ. ಒಂದು ದಿನ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ಮಗ್ಗ ಬಿಟ್ಟು ಪಡಸಾಲೆಗೆ ಬಂದು ಹಾಡಿರಿ ಎಂದು ಕೇಳಿಕೊಂಡೆ. ಬಂದು ಕುಳಿತರು. ಎರಡು ಸಾಲು ಹಾಡಿ ನಿಲ್ಲಿಸಿದರು. "ಮಗ್ಗ ನಿಂತರ ನನಗ ಪದ ಬರಂಗಿಲ್ಲರಿ ಮಾಸ್ತರ" ಎಂದರು. ಕಡೆಗೆ ಮಗ್ಗದ ಕೋಣೆಯಲ್ಲೇ ಟೇಪ್ ಮಾಡಿಕೊಂಡೆ. ಹಾಡಿನ ಉದ್ದಕ್ಕೂ ಲಾಳಿಯ ಖಟಕ್ ಖಟಕ್ ಸೇರಿಕೊಂಡಿತು. ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಅದು ನನ್ನನ್ನು ಇಷ್ಟೂ ವರ್ಷ ಕಾಡಿತು.

ಹೋದ ವರ್ಷ ಸಂಗಪ್ಪನವರು ತೀರಿಕೊಂಡರು. ಫೋನಿನಲ್ಲಿ ಅವರ ಹೆಂಡತಿ ನೀಲವ್ವ ನನ್ನನ್ನು ಕೇಳಿದ್ದು ಒಂದೇ, ಆ ಹಾಡು ಇನ್ನೂ ಇದೆಯೇ ಎಂದು. ಸಂಗಪ್ಪನವರ ಧ್ವನಿ ಬೇರೆಲ್ಲೂ ಉಳಿದಿರಲಿಲ್ಲ. ನಾನು ಹುರುಪಿನಿಂದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಎರಡು ತಿಂಗಳು ಕುಳಿತು ಮಗ್ಗದ ಸದ್ದನ್ನೆಲ್ಲ ತೆಗೆದೆ. ಎಳೆ ಹರಿದು ಹಾಡು ನಿಂತ ಕಡೆಯ ಬಿಡುವುಗಳನ್ನೂ ನಡುವಿನ ಮಾತುಗಳನ್ನೂ ಕತ್ತರಿಸಿ ಜೋಡಿಸಿದೆ. ಕತ್ತರಿಸಿ ತೆಗೆದದ್ದರಲ್ಲಿ ಮೂರನೆಯ ನುಡಿಯ ನಂತರದ ತುಂಡೇ ಎಲ್ಲಕ್ಕಿಂತ ಉದ್ದ, ಹನ್ನೊಂದು ಸೆಕೆಂಡಿನದು. ಜೋಡಿಸಿದ ಜಾಗ ನನಗೇ ಗೊತ್ತಾಗದಷ್ಟು ಚೊಕ್ಕವಾಗಿತ್ತು. ಆಮೇಲೆ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಗುಜರಿಗೆ ಹಾಕಿದೆ. ಜಾಗ ಸಾಲದೆಂದು ಕಂಪ್ಯೂಟರಿನಲ್ಲಿದ್ದ ಮೂಲ ಪ್ರತಿಯನ್ನೂ ಅಳಿಸಿದೆ.

ದಾರಿಯ ಎರಡೂ ಬದಿ ಎರೆಹೊಲ. ಜೋಳ ತೆನೆ ಬಿಟ್ಟಿತ್ತು, ಕಡಲೆ ಕಾಯಿ ಕಟ್ಟಿತ್ತು. ಪಕ್ಕದಲ್ಲಿ ಕುಳಿತ ಹೊಳೆಮಣ್ಣೂರಿನ ಹೆಣ್ಣುಮಗಳೊಬ್ಬರು ಒಂದು ಹಿಡಿ ಹಸಿಗಡಲೆ ಕೊಟ್ಟರು. ಚಳಿಗಾಳಿಯಲ್ಲಿ ಅದನ್ನು ಸುಲಿದು ತಿನ್ನುತ್ತ ರೋಣ ಮುಟ್ಟಿದಾಗ ಹತ್ತು ಗಂಟೆ ಹತ್ತಿರವಾಗಿತ್ತು.

ಗಜೇಂದ್ರಗಡದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಗಿರಮಿಟ್ ತಿಂದು, ಚಹಾ ಕುಡಿದು, ಹತ್ತಿರದ ಗುಡಿಯಲ್ಲಿ ಭಜನೆ ಕೇಳಿಸಿತೆಂದು ಅತ್ತ ನಡೆದೆ. ಇದ್ದೊಂದು ಮೈಕಿನ ಮುಂದೆಯೇ ತಾಳದವರು ಕುಳಿತಿದ್ದರು. ಹಾಡುವವರ ಧ್ವನಿ ತಾಳದ ಸದ್ದಿನಲ್ಲಿ ಮುಳುಗಿತ್ತು. ನನಗೆ ತಡೆಯಲಾಗಲಿಲ್ಲ. ತಾಳದವರನ್ನು ಕಂಬದ ಆಚೆ ಕೂರಿಸಿದೆ. ಧ್ವನಿ ತಿಳಿಯಾಯಿತು. ಆದರೆ ಹಾಡುವ ಹಿರಿಯರು ಎರಡು ಸಲ ಲಯ ತಪ್ಪಿದರು, ಮೂರನೆಯ ಸಲ ಕೈಸನ್ನೆ ಮಾಡಿ ತಾಳದವರನ್ನು ಮತ್ತೆ ಬಳಿಗೆ ಕರೆದುಕೊಂಡರು. ಇವರಿಗೆ ಕಿವಿಯೇ ಇಲ್ಲ ಎಂದುಕೊಂಡು ನಾನು ಬಸ್ ಸ್ಟ್ಯಾಂಡಿಗೆ ಮರಳಿದೆ. ಅಲ್ಲಿಯೇ ನನಗೆ ಬುದ್ಧಿ ಬರಬೇಕಿತ್ತು.

ಗಜೇಂದ್ರಗಡದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗುಡ್ಡದ ಕೆಳಗಿನ ಓಣಿಯಲ್ಲಿ ಮೊದಲು ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು, ಈಗ ಎರಡೋ ಮೂರೋ ಮನೆಯಿಂದ ಬಂತು. ನೀಲವ್ವ ಗಂಡನ ಮಗ್ಗದಲ್ಲೇ ನೇಯುತ್ತ ಕುಳಿತಿದ್ದರು. ನನ್ನನ್ನು ಕಂಡು ಮೇಲೆದ್ದು, ನೀರು ಕೊಟ್ಟು, ಕೈಯೊರೆಸಿಕೊಂಡು ಎದುರಿಗೆ ಕುಳಿತರು. ಊಟ ಆಮೇಲೆ, ಮೊದಲು ಹಾಡು ಎಂದರು.

ನಾನು ನನ್ನ ಒಳ್ಳೆಯ ಹೆಡ್‌ಫೋನನ್ನೇ ಅವರ ಕಿವಿಗೆ ಇಟ್ಟೆ. ಮೊದಲ ಸಾಲಿಗೇ ಕಣ್ಣು ತುಂಬಿಕೊಂಡರು. ನನಗೆ ಹೆಮ್ಮೆಯಾಯಿತು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಗಂಟಿಕ್ಕಿತು. ಮಗ್ಗ ಎಲ್ಲಿ ಹೋಯಿತು ಎಂದು ಕೇಳಿದರು. ಧ್ವನಿ ಚೊಕ್ಕ ಬರಲೆಂದು ತೆಗೆದೆ ಎಂದೆ. ತಲೆಯಾಡಿಸಿ ಮತ್ತೆ ಕೇಳತೊಡಗಿದರು. ಹಾಡು ಮುಗಿದ ಮೇಲೂ ಹೆಡ್‌ಫೋನ್ ತೆಗೆಯದೆ ಏನನ್ನೋ ಕಾಯುವವರಂತೆ ಕುಳಿತಿದ್ದರು.

"ಮೂರನೇ ನುಡಿ ಆದ ಮ್ಯಾಲ ಎಳಿ ಹರದಿತ್ತರಿ," ಎಂದರು. "'ನೀಲಾ, ಕಂಡಿಕಿ ತಾ' ಅಂತ ಕರದಿದ್ರು. ಮಂದಿ ಮುಂದ ಎಂದೂ ನನ್ನ ಹೆಸರ ಹಿಡದು ಕರದವರಲ್ಲ. ಅವತ್ತ ಟೇಪ್ ನಡದದ್ದು ಮರತು ಕರದ್ರು. ಅದನ್ನ ಕೇಳಬೇಕಂತ ಕುಂತಿದ್ನಿ."

ನನಗೆ ಎಲ್ಲ ನೆನಪಾಯಿತು. ಅಂದು ಬಾಗಿಲಲ್ಲಿ ನಿಂತಿದ್ದ ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದರು. ನೂಲು ಸುತ್ತಿದ ಕಂಡಿಕೆ ತಂದು ಗಂಡನ ಕೈಗೆ ಕೊಟ್ಟಿದ್ದರು. ಆ ಕರೆಯನ್ನು ನಾನು ಕಂಪ್ಯೂಟರಿನ ಮುಂದೆ ಎಷ್ಟು ಸಲ ಕೇಳಿದ್ದೆನೋ. ಪ್ರತಿ ಸಲವೂ ಅದು ನನಗೆ ಹಾಡಿಗೆ ಅಡ್ಡ ಬಂದ ಮಾತಾಗಿಯೇ ಕೇಳಿಸಿತ್ತು.

ಹಳೆಯ ಕ್ಯಾಸೆಟ್ಟು ಇದೆಯೇ ಎಂದು ಕೇಳಿದರು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಇಲ್ಲರಿ ಅಕ್ಕಾರ, ನಾನ ಕೈಯಾರೆ ಒಗದೆ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಇರಲಿ ಬಿಡ್ರಿ ಎಂದು ಒಳಗೆ ಹೋಗಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ ಬಡಿಸಿದರು. ನಾನು ಅರ್ಧ ರೊಟ್ಟಿಗೇ ಕೈ ತೊಳೆದೆ.

ಊಟವಾದ ಮೇಲೆ ನೀಲವ್ವ ಮಗ್ಗದ ಕುಣಿಗೆ ಇಳಿದು ಕುಳಿತರು. ಈಗ ಹಾಡನ್ನು ಕೋಣೆಗೆಲ್ಲ ಕೇಳುವಂತೆ ಹಚ್ಚರಿ ಎಂದರು. ದೊಡ್ಡ ಸ್ಪೀಕರು ನರಗುಂದದಲ್ಲಿತ್ತು. ಬಸ್ಸಿನವರಂತೆ ಮೊಬೈಲಿನಲ್ಲೇ ಹಚ್ಚಿದೆ. ಅವರು ಲಾಳಿ ಎಸೆದರು. ಖಟಕ್ ಖಟಕ್ ಹಾಡಿನ ಕೆಳಗೆ ಕೂಡಿಕೊಂಡಿತು. ಇಷ್ಟು ವರ್ಷಗಳಲ್ಲಿ ಅಷ್ಟು ಚೆಂದದ ಸಂಗೀತ ನಾನು ಕೇಳಿರಲಿಲ್ಲ, ಅದೂ ಬೆರಳುಗಾತ್ರದ ಸ್ಪೀಕರಿನಲ್ಲಿ.

ಮೂರನೆಯ ನುಡಿ ಮುಗಿಯಿತು. ನೀಲವ್ವ ಅಂದು ಎಳೆ ಹರಿದಾಗಿನಂತೆ ಮಗ್ಗ ನಿಲ್ಲಿಸಿ ಪಕ್ಕದ ಬುಟ್ಟಿಯಿಂದ ಒಂದು ಕಂಡಿಕೆ ಎತ್ತಿಕೊಂಡರು. ಹಾಡು ನಿಲ್ಲಲಿಲ್ಲ. ನಾಲ್ಕನೆಯ ನುಡಿಗೆ ಹೋಗಿಬಿಟ್ಟಿತು. ಅವರು ಕೈಯಲ್ಲಿ ಕಂಡಿಕೆ ಹಿಡಿದುಕೊಂಡೇ ನನ್ನತ್ತ ನೋಡಿದರು.

"ಅವರು ಹಿಂಗ ಮುಂದ ಹೋಗತಿರಲಿಲ್ಲರಿ," ಎಂದರು. "ನಾ ಕಂಡಿಕಿ ಕೊಡೂತನಕ ಕಾಯತಿದ್ರು."

ಹಾಡನ್ನು ನೀಲವ್ವನ ಮೊಬೈಲಿಗೆ ಹಾಕಿಕೊಟ್ಟು ನಾಲ್ಕರ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಒಳಗೆ ಅದೇ ಹಾಡು, ಅದೇ ಮಗ್ಗ. ಮೂರನೆಯ ನುಡಿಯಾಗುತ್ತಲೇ ಮಗ್ಗ ನಿಂತಿತು, ಹಾಡು ನಡೆದೇ ಇತ್ತು. ನಾನು ಅಲ್ಲೇ ನಿಂತು ಮನಸ್ಸಿನಲ್ಲೇ ಎಣಿಸಿದೆ. ಹನ್ನೊಂದಕ್ಕೆ ಮಗ್ಗ ಮತ್ತೆ ಶುರುವಾಯಿತು.