ಇಬ್ಬರು ಸೇರಿ ಎತ್ತೂವಂಥ ಕಂಪ್ಯೂಟರ್

ನಮ್ಮ ನೆಗೆಣ್ಣಿ ಬಾಯಿಂದ ‘ಲ್ಯಾಪ್‌ಟಾಪ್’ ಅನ್ನೂ ಮಾತ ಬಂದ ದಿನಾನ ನನಗ ಗೊತ್ತಾತು, ಈಕಿ ಮನಿ ಒಡ್ಯಾಕ ಹೊಂಟಾಳ ಅಂತ.

ನೆಗೆಣ್ಣಿ ಅಂದ್ರ ನನ್ನ ಮೈದುನನ ಹೇಣ್ತಿ. ಆಕಿ ನಿಪ್ಪಾಣಿ ಕಡೆಯಾಕಿ, ನಾ ತೆಲಸಂಗದಾಕಿ. ಇಬ್ಬರೂ ರಾಯಬಾಗ ತಾಲೂಕಿನ ಈ ಊರಿಗೆ, ಒಂದ ಮನಿಯ ಅಣ್ಣತಮ್ಮಂದಿರಿಗೆ ಬಂದವರು. ಅತ್ತಿ ಮಾವ ತೀರ್ಕೊಂಡ ಮ್ಯಾಲೂ ನಮ್ಮಲ್ಲಿ ಒಲಿ ಒಂದ. ಕಬ್ಬ ಒಂದ, ಅರಿಶಿಣ ಒಂದ, ಹಿಟ್ಟಿನ ಡಬ್ಬಿ ಒಂದ. ಹೊತ್ತ ಮುಳುಗೂದರೊಳಗ ಉಣ್ಣೂ ಮಂದಿ ನಾವು, ಹಂಗಾಗಿ ದಿನಾ ಸಂಜಿ ನಾಕಕ್ಕ ಇಬ್ಬರೂ ಒಲಿ ಮುಂದ ನಿಂತಿರ್ತೀವಿ. ಆಕಿ ರೊಟ್ಟಿ ಬಡೀತಾಳ, ನಾ ಬೇಯಸ್ತೀನಿ. ನೋಡಿದವರು ಅಕ್ಕತಂಗ್ಯಾರ ಹಂಗ ಅದಾರ ಅಂತಾರ. ಅವರಿಗೇನ ಗೊತ್ತ. ಇಪ್ಪತ್ತನಾಕ ವರ್ಷ ಈ ಮನ್ಯಾಗ ನನಗ ಇದ್ದದ್ದು ಒಂದ ಅಂಜಿಕಿ, ಈ ಒಲಿ ಎರಡಾಗಬಾರದು ಅಂತ.

ಮಾತ ಹುಟ್ಟಿದ್ದು ಹುಡುಗ್ಯಾರ ಸಲುವಾಗಿ. ನನ್ನ ಮಗಳು ರಾಯಬಾಗಕ್ಕ ಕಾಲೇಜಿಗೆ ಹೋಗತಿದ್ಲು, ಆಕಿ ಮಗಳು ಹೈಸ್ಕೂಲಿನಾಗಿದ್ಲು. ಎರಡೂ ಒಂದ ಮೊಬೈಲಿಗೆ ಜೋತುಬಿದ್ದು ಕಣ್ಣ ಹಾಳ ಮಾಡ್ಕೊಳ್ಳಾಕತ್ತಿದ್ವು. ಒಂದ ದಿನ ಉಂಡ ಕೈ ತೊಳಕೊಂತ ನಮ್ಮ ಯಜಮಾನರು, ಮನಿಗೊಂದು ಕಂಪ್ಯೂಟರ್ ತಂದ ಬಿಡೂಣು ಅಂದ್ರು. ಅಷ್ಟಕ್ಕ ಬಿಟ್ಟಿದ್ರ ಆಗತಿತ್ತು. ನೆಗೆಣ್ಣಿ ತಾಟ ಎತ್ತಕೊಂತ, “ಲ್ಯಾಪ್‌ಟಾಪ್ ತರೂಣ್ರಿ. ಕರೆಂಟ್ ಹ್ವಾದ್ರೂ ನಡೀತೈತಿ, ಎಲ್ಲಿ ಬೇಕಾದಲ್ಲಿ ಒಯ್ಯಾಕ ಬರತೈತಿ,” ಅಂದ್ಲು.

“ಎಲ್ಲಿ ಬೇಕಾದಲ್ಲಿ ಅಂದ್ರ ಎಲ್ಲಿಗವಾ?” ಅಂತ ಕೇಳಿದ್ನಿ.

ಆಕಿ ನಕ್ಕ ಒಳಗ ಹ್ವಾದ್ಲು. ನಕ್ಕ ಒಳಗ ಹೋಗಾಕಿನ ನಾ ಮೊದಲಿಂದ ನಂಬಾಕಿ ಅಲ್ಲ.

ಯಾಕ ಅಂಜಿದ್ನಿ ಅಂತ ಹೇಳ್ತೀನಿ. ನಮ್ಮ ಎದುರು ಮನ್ಯಾಗೂ ಅಣ್ಣತಮ್ಮಂದಿರು ಕೂಡೇ ಇದ್ರು. ಮೊದಲ ಸಣ್ಣಾಕಿ ಖೋಲ್ಯಾಗ ಒಂದ ಮಿಕ್ಸರ್ ಬಂತು. ದೊಡ್ಡಾಕಿಗೆ ಸಪ್ಪಳ ಆಗಿಬರಂಗಿಲ್ಲ ಅಂತ ನೆವ. ಆಮ್ಯಾಲ ಸಣ್ಣದೊಂದು ಫ್ರಿಜ್ ಬಂತು. ಆಮ್ಯಾಲ ಟಿವಿ. ಒಂದ ದಿನ ಮುಂಜಾನೆ ಎದ್ದ ನೋಡಿದ್ರ ಗೌಂಡಿ ಬಂದು ಪಡಸಾಲಿ ನಡಬರಕ ಗ್ವಾಡಿ ಎಬ್ಬಸಾಕತ್ತಿದ್ದ. ನಮ್ಮ ಕಡೆ ವಾಟ್ನಿ, ಅಂದ್ರ ಮನಿ ಪಾಲ, ಆಗೂಮುಂದ ಪಂಚರು ಬಂದ ಕುಂತ್ರ ಒಂದ ಪದ್ಧತಿ ಐತಿ. ಪಡಸಾಲ್ಯಾಗ ಇದ್ದದ್ದು ಇಬ್ಬರದು, ಖೋಲ್ಯಾಗ ಇದ್ದದ್ದು ಖೋಲಿಯವರದು. ಪಂಚರು ಹೆಣ್ಮಕ್ಕಳ ಖೋಲಿ ಹೊಸ್ತಿಲಾ ದಾಟಂಗಿಲ್ಲ. ಹಂಗಿದ್ದ ಮ್ಯಾಲ ಮಡಚಿ ಬಗಲಾಗ ಇಟಗೊಂಡು ಖೋಲ್ಯಾಗ ಹೋಗೂ ವಸ್ತು ಬೇಕಂತ ಯಾರ ಕೇಳ್ತಾರು? ಒಯ್ಯಾಕ ಬರೂ ವಸ್ತು ಮೊದಲ ಮನಿಗೆ ಬರತಾವು, ಮಂದಿ ಆಮ್ಯಾಲ ಮನಿ ಬಿಟ್ಟ ಹೋಗ್ತಾರು. ಇದನ್ನ ನನಗ ಯಾರೂ ಕಲಸಬೇಕಾಗಿಲ್ಲ.

ಅವತ್ತಿಂದ ನಾ ಕಣ್ಣ ಇಟ್ಟನಿ. ಮಧ್ಯಾಹ್ನ ಆಕಿ ಖೋಲಿ ಬಾಗಲ ಮುಂದ ಮಾಡಿ ತನ್ನ ಅಕ್ಕನ ಕೂಡ ಫೋನಿನಾಗ ಮರಾಠಿ ಮಾತಾಡ್ತಾಳ. ಮರಾಠಿ ನನಗೂ ಬರತೈತಿ, ಸಂತಿಗೆ ಸಾಕಾಗುವಷ್ಟು. ನಿಪ್ಪಾಣಿಯವರು ಪಟಪಟ ಅಂತ ಮಾತಾಡೂದು ತಿಳಿಯಂಗಿಲ್ಲ. ಒಂದಿನ ಅಕ್ಕಿ ಆರಸೂ ನೆವ ಮಾಡಿ ಬಾಗಲ ಮಗ್ಗಲಕ ಕುಂತನಿ. ‘ಲ್ಯಾಪ್‌ಟಾಪ್’ ಅಂತ ಎರಡ ಸಲ ಕೇಳ್ತು. ‘ಜಾವೂಬಾಯಿ’ ಅಂತ ಮೂರ ಸಲ ಕೇಳ್ತು. ಜಾವೂಬಾಯಿ ಅಂದ್ರ ಮರಾಠಿಯಾಗ ನೆಗೆಣ್ಣಿ, ಅಂದ್ರ ನಾನ. ಮೊರದಾಗಿನ ಅಕ್ಕಿಯಾಗ ಒಂದ ಕಲ್ಲ ಇರಲಿಲ್ಲ, ಆದ್ರೂ ಅರ್ಧಾ ತಾಸು ಆರಿಸಿದ್ನಿ.

ಯಜಮಾನರ ಮುಂದ ಹೇಳಿದ್ರ, “ಹಗ್ಗ ಕಂಡ್ರೂ ಹಾವ ಅಂತೀಯಲ್ಲ ನೀ,” ಅಂದ್ರು.

“ಕಡದ ಮ್ಯಾಲ ಹಗ್ಗ ಅಂತ ಕುಂದರ್ರಿ ನೀವು,” ಅಂದ್ನಿ.

ಕೊಳ್ಳಾಕ ನಾನೂ ನೆಗೆಣ್ಣಿನೂ ಚಿಕ್ಕೋಡಿಗೆ ಹ್ವಾದ್ವಿ, ಮೈದುನ ಜೀಪ ಹೊಡದ. ಗಂಡಸರನ್ನ ಕಳಿಸಿದ್ರ ಅಂಗಡಿಯವ ಹೇಳಿದ್ದಕ್ಕ ಹೂಂ ಅಂದ ಬರತಾರು, ನಾನ ಬರತೀನಿ ಅಂತ ಹಟ ಹಿಡದಿದ್ನಿ. ಅಂಗಡಿಯವ ನನ್ನ ನೆಗೆಣ್ಣಿ ಮಾರಿ ನೋಡಿದವನ ಮರಾಠಿ ಸುರು ಮಾಡಿದ. ಇವ ಮೊದಲ ಗುರ್ತಿನವನ ಏನು ಅಂತ ಅನಸ್ತು. ಲ್ಯಾಪ್‌ಟಾಪ್ ತಗದ ತೋರಿಸಿದ, ಎರಡ ಬೆರಳಾಗ ಹಿಡದು ಎತ್ತಿದ, ಹಾಳಿ ಎತ್ತಿದಂಗ. “ನೋಡ್ರಿ ತಾಯಿ, ಎಷ್ಟ ಹಗರ ಐತಿ,” ಅಂದ.

ಅದನ್ನ ಮುಚ್ಚಿ ತಗದು, ಮುಚ್ಚಿ ತಗದು ನೋಡಿದ್ನಿ. ಮುಚ್ಚಿದ್ರ ಒಳಗ ಏನ ನಡದಿತ್ತು ದೇವರಿಗೂ ಗೊತ್ತಾಗೂವಂಗಿಲ್ಲ.

“ಇದಕ್ಕಿಂತ ವಜ್ಜಾದ್ದು ಏನೈತಿ?” ಅಂತ ಕೇಳಿದ್ನಿ.

ಅವನಿಗೆ ತಿಳೀಲಿಲ್ಲ. ಎಲ್ಲಾರೂ ಹಗರದ್ದು ಕೇಳ್ತಾರ್ರಿ, ನೀವು ವಜ್ಜಾದ್ದು ಕೇಳ್ತೀರಲ್ಲ, ಅಂದ.

“ಹೌದು. ಒಬ್ಬಾಕಿ ಕಡೆಯಿಂದ ಎತ್ತಾಕ ಆಗಬಾರದು. ಇಬ್ಬರು ಸೇರಿ ಎತ್ತೂವಂಥದ್ದು ಇದ್ರ ತೋರಸ್ರಿ.”

ಮೈದುನ ಹೊರಗ ನೋಡ್ಕೊಂತ ನಿಂತ. ಅಂಗಡಿಯವ ನಕ್ಕಂಗ ಮಾಡಿ, ಮೂಲ್ಯಾಗಿದ್ದ ಡೆಸ್ಕ್‌ಟಾಪ್ ತೋರಿಸಿದ. ದೊಡ್ಡ ಮಾನಿಟರ್, ಕರೇ ಸಿಪಿಯು ಡಬ್ಬಿ, ಕೀಬೋರ್ಡ್, ಮೌಸ್, ಕರೆಂಟ್ ಹ್ವಾದ್ರ ಇರಲಿ ಅಂತ ಕೆಳಗೊಂದು ಯುಪಿಎಸ್. ಯುಪಿಎಸ್ ಎತ್ತಿ ನೋಡಿದ್ನಿ, ನೀರ ತುಂಬಿದ ಕೊಡದಷ್ಟ ವಜ್ಜ ಇತ್ತು. ವಯರ್ ಅಂತೂ ಒಂದ ಬುಟ್ಟಿ. ಇದನ್ನ ಬಿಚ್ಚಿ ಒಯ್ಯಬೇಕಂದ್ರ ಒಂದ ತಾಸ ಬೇಕು, ಅಷ್ಟೊತ್ತಿಗೆ ಓಣಿಗೇ ಗೊತ್ತಾಗತೈತಿ. ಇದನ್ನ ಕೊಡ್ರಿ ಅಂದ್ನಿ.

ನೆಗೆಣ್ಣಿ ವಾದ ಮಾಡ್ತಾಳ ಅಂತ ಸೆರಗ ಸೊಂಟಕ್ಕ ಸಿಗಿಸಿ ನಿಂತಿದ್ನಿ. ಆಕಿ, “ಅಕ್ಕಾರ ಹೆಂಗ ಹೇಳ್ತಾರ ಹಂಗ,” ಅಂತ ಸುಮ್ನಾದ್ಲು. ಅಲ್ಲಿಗೆ ನನ್ನ ಸಂಶಯ ಇನ್ನೂ ಗಟ್ಟಿ ಆತು. ಬೇಕಂದಾಕಿ ಇಷ್ಟ ಲಗೂನ ಬ್ಯಾಡ ಅಂದ್ಲಂದ್ರ ಒಳಗ ಬ್ಯಾರೆ ಏನೋ ಐತಿ. ಇರಲಿ, ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು, ಅಂತ ನಾನೂ ಸುಮ್ನಾದ್ನಿ.

ಮರುದಿನ ಮುಂಜಾನೆ ಡಬ್ಬಿ ಎಲ್ಲಾ ಪಡಸಾಲ್ಯಾಗ ಇಳಿಸಿ ನೋಡಿದ್ರ, ಇಡಾಕ ಟೇಬಲ್ ಇಲ್ಲ. ನೆಗೆಣ್ಣಿ ಅಂದ್ಲು, “ಮಾವನ ಟೇಬಲ್ ಅಟ್ಟದ ಮ್ಯಾಲ ಐತೆಲ್ರಿ, ಅದನ್ನ ಇಳಸೂಣು.”

ಕೈಯಾಗಿನ ವಯರ್ ಹಂಗ ಕೆಳಗ ಇಟ್ನಿ.

ಇಲ್ಲಿ ಒಂದ ಮಾತ ಹೇಳಬೇಕು, ಇಷ್ಟೊತ್ತನಕ ಹೇಳಿಲ್ಲ. ಆ ಅಟ್ಟದ ಮ್ಯಾಲ, ಹಿಂದಿನ ಮೂಲ್ಯಾಗ, ನಂದೊಂದು ಒಲಿ ಇತ್ತು. ಎರಡ ಬರ್ನರಿನ ಗ್ಯಾಸ್ ಒಲಿ, ಹೊಚ್ಚ ಹೊಸಾದ್ದು. ಹದಿನಾರ ವರ್ಷದ ಹಿಂದ, ನೆಗೆಣ್ಣಿ ಮದುವಿ ಆಗಿ ಈ ಮನಿಗೆ ಬಂದ ತಿಂಗಳ ನಮ್ಮವ್ವ ತೆಲಸಂಗದಿಂದ ತಂದ ಕೊಟ್ಟಿದ್ಲು. ನಾ ಸಣ್ಣಾಕಿ ಇದ್ದಾಗ ನಮ್ಮ ತವರಮನ್ಯಾಗ ವಾಟ್ನಿ ಆತು. ಆ ದಿನ ಒಲಿ ನಮ್ಮ ಚಿಗವ್ವ ಎತ್ತಕೊಂಡ ಹ್ವಾದ್ಲು. ನಮ್ಮವ್ವ ಎಂಟ ದಿನ ಹಿತ್ತಲದಾಗ ಮೂರ ಕಲ್ಲ ಹೂಡಿ ನಮಗ ಗಂಜಿ ಕಾಸಿ ಹಾಕಿದ್ಲು. ಹೊಗಿಯಾಗ ಕುಂತ ಅಳತಿದ್ಲೋ, ಹೊಗಿಗೆ ಕಣ್ಣೀರ ಬರತಿದ್ವೋ ನನಗ ತಿಳೀತಿರಲಿಲ್ಲ. “ಸಣ್ಣಾಕಿ ಬಂದಾಳಂದ್ರ ಇವತ್ತಲ್ಲ ನಾಳಿ ಬ್ಯಾರೆ ಆಗೂದ. ನನಗ ಆದದ್ದ ನಿನಗ ಆಗಬಾರದು, ಇದನ್ನ ಮುಚ್ಚಿಡು,” ಅಂತ ಕೊಟ್ಟ ಹ್ವಾದ್ಲು. ಗೋಣಿಚೀಲದಾಗ ಸುತ್ತಿ ಅಟ್ಟಕ್ಕ ಒಗದಿದ್ನಿ. ಯಜಮಾನರಿಗೂ ಗೊತ್ತಿರಲಿಲ್ಲ. ವರ್ಷ ಕಳದಂಗ ನಾನೂ ಮರತಂಗ ಇದ್ನಿ. ಮರತಿದ್ನಿ ಅಂದ್ರ ಸುಳ್ಳ.

“ಆ ಟೇಬಲ್ ಹುಳಾ ಹತ್ತೈತಿ, ಬ್ಯಾಡ,” ಅಂದ್ನಿ. ಅಷ್ಟರಾಗ ಆಕಿ ನಿಚ್ಚಣಿಕಿ ಹಚ್ಚಿ ಏರೇಬಿಟ್ಟಿದ್ಲು. ಮ್ಯಾಲ ಸಾಮಾನ ಸರಸೂ ಸಪ್ಪಳ ಕೇಳಕೊಂತ ನಾ ಕೆಳಗ ನಿಂತಿದ್ನಿ. ಟೇಬಲ್ ಇಳಿಬಿಟ್ಲು, ನಾ ಹಿಡಕೊಂಡ್ನಿ. ಆಕಿ ಇಳದ ಬಂದು ತಲಿ ಮ್ಯಾಲಿನ ಜಾಡ ಝಾಡಸ್ಕೊಂಡ್ಲು. ಮಾರಿ ನೋಡಿದ್ನಿ, ಏನೂ ಇರಲಿಲ್ಲ. ಟೇಬಲ್ ಪಡಸಾಲಿಗೆ ಇಬ್ಬರೂ ಸೇರಿ ಎತ್ತಿ ಒಯ್ದ್ವಿ. ಮಾನಿಟರ್ ಇಬ್ಬರೂ ಸೇರಿ ಇಟ್ವಿ. ಮಧ್ಯಾಹ್ನ ಅಂಗಡಿ ಮನಿಶ್ಯಾ ಬಂದು ವಯರ್ ಜೋಡಿಸಿ ಹ್ವಾದ, ಹುಡುಗ್ಯಾರು ಸಾಲಿಯಿಂದ ಬಂದವರ ಅದರ ಮುಂದ ಕುಂತ್ರು. ನನಗ ಯಾವುದರ ಮ್ಯಾಲೂ ಧ್ಯಾಸ ಇರಲಿಲ್ಲ. ನೋಡ್ಯಾಳೋ, ಇಲ್ಲೋ? ನೋಡಿದ್ರ ಯಾಕ ಸುಮ್ನದಾಳ? ಈ ಸುದ್ದಿ ನಾಳಿ ನಿಪ್ಪಾಣಿಗೆ ಮುಟ್ಟತೈತೇನು?

ಸಂಜಿ ನಾಕಕ್ಕ ಒಲಿ ಮುಂದ ನಿಂತಾಗ ನನಗ ತಡಕೊಳ್ಳಾಕ ಆಗಲಿಲ್ಲ.

“ಅಟ್ಟದ ಮ್ಯಾಲ ಏನರೆ ಕಂಡಿತೇನ ನಿನಗ?”

“ಟೇಬಲ್ ಕಂಡಿತ್ರಿ.”

“ಮತ್ತೇನ?”

ಆಕಿ ಹಿಟ್ಟ ನಾದೂದ ನಿಲ್ಲಿಸಿದ್ಲು. “ಒಲಿ ಕೇಳಾಕತ್ತೀರೇನ್ರಿ ಅಕ್ಕಾರ?”

ಹಂಚ ಕಾದು ಹೊಗಿ ಏಳಾಕತ್ತಿತ್ತು.

“ಅದನ್ನ ನಾ ಬಂದ ವರ್ಷದ ದೀಪಾವಳಿಗೆ ನೋಡೀನ್ರಿ. ಅಟ್ಟದ ಜಾಡ ಹೊಡಿ ಅಂತ ಅತ್ತಿ ಏರಿಸಿದ್ರು.”

“ಹದಿನಾರ ವರ್ಷ ಗೊತ್ತಿದ್ದೂ ಸುಮ್ನ ಇದ್ದೀಯೇನ?”

“ಯಾರ ಮುಂದ ಹೇಳ್ಲಿರಿ?” ಅಂದ್ಲು. ದನಿ ಸಣ್ಣಗಾಗಿತ್ತು. “ಮೊದಲ ಎರಡ ವರ್ಷ ಭಾಳ ಅಂಜತಿದ್ನಿ. ನೀವು ಒಂದ ಮಾತ ಜೋರ ಅಂದ್ರೂ, ಇವತ್ತ ಒಲಿ ಇಳಸ್ತಾರ ಅನ್ಕೋತಿದ್ನಿ. ನೀವು ಇಳಸಲಿಲ್ಲ. ಅದು ಮ್ಯಾಲ ಇರೂತನಕ ಮನಿ ಒಂದ ಐತಿ ಅಂತ ಆಮ್ಯಾಲ ಅಂಜೂದ ಬಿಟ್ನಿ.”

ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ರಂತ. ಇಷ್ಟ ದಿನ ಯಾರ ಹೆಗಲ ನೋಡಾಕತ್ತಿದ್ನಿ ನಾ. ನಾಚಿಕಿ ಆತು, ಆದ್ರ ನಮ್ಮಂಥವರ ಬಾಯಿ ನಾಚಿಕಿ ಆದಾಗ ಇನ್ನೂ ಜೋರ ಆಗತೈತಿ.

“ಹಂಗಾದ್ರ ಆ ಮಡಚೂ ಕಂಪ್ಯೂಟರ್ ಯಾಕ ಬೇಕಿತ್ತ ನಿನಗ? ಖೋಲ್ಯಾಗ ಒಯ್ಯಾಕಲ್ಲೇನ?”

“ಇಲ್ಲಿಗೆ ತರಾಕ್ರಿ,” ಅಂತ ಹಿಟ್ಟಿನ ಕೈಲೆ ಅಡಗಿಮನಿ ಕಟ್ಟಿ ತೋರಿಸಿದ್ಲು. “ಪಡಸಾಲ್ಯಾಗ ಕುಂತ್ರ ಹುಡುಗ್ಯಾರು ಏನ ನೋಡ್ತಾರ ಯಾರ ನೋಡಬೇಕು? ಇಲ್ಲಿ ಇಟ್ಟಿದ್ರ ರೊಟ್ಟಿ ಮಾಡೂಮುಂದ ನಮ್ಮಿಬ್ಬರ ಕಣ್ಣ ಮುಂದ ಕುಂದರ್ತಿದ್ರು. ಅಕ್ಕಾರಿಗೆ ಇಷ್ಟ ಇಲ್ಲ, ಬಿಡು ಅಂತ ಬಿಟ್ನಿ.”

ಸಂಶಯ ಆಕಿಗೂ ಇತ್ತು. ಆದ್ರ ನನ್ನ ಮ್ಯಾಲ ಇರಲಿಲ್ಲ. ಫೋನಿನಾಗ ಮೂರ ಸಲ ಜಾವೂಬಾಯಿ ಅಂತ ಏನ ಅಂದಿದ್ಲು, ಅದು ಇವತ್ತಿಗೂ ನನಗ ಗೊತ್ತಿಲ್ಲ. ಕೇಳಾಕ ಬಾಯಿ ಬರಲಿಲ್ಲ. ಮೊದಲನೇ ರೊಟ್ಟಿ ಹಂಚಿನ ಮ್ಯಾಲ ಕರಕಾಗಿ ಹ್ವಾತು, ಅದನ್ನ ನಾನ ಉಂಡ್ನಿ.

ಮರುದಿನ ಗಂಡಸರು ಹೊಲಕ್ಕ ಹ್ವಾದ ಮ್ಯಾಲ ನಾ ನಿಚ್ಚಣಿಕಿ ಹಚ್ಚಿದ್ನಿ. ಒಲಿ ಇಟ್ಟ ಮ್ಯಾಲ ಇಷ್ಟ ವರ್ಷದಾಗ ಒಮ್ಮೆನೂ ಏರಿರಲಿಲ್ಲ, ಏರಿದ್ರ ಯಾರರೆ ನೋಡ್ತಾರ ಅಂತ. ನೆಗೆಣ್ಣಿ ಸಪ್ಪಳ ಕೇಳಿ ಅಡಗಿಮನಿಯಿಂದ ಬಂದ್ಲು. ಏನೂ ಕೇಳಲಿಲ್ಲ, ನಿಚ್ಚಣಿಕಿ ಕಾಲ ಹಿಡಕೊಂಡ ನಿಂತ್ಲು.

ಹಿಂದಿನ ಮೂಲ್ಯಾಗ ನನ್ನ ಗೋಣಿಚೀಲ ಇರಲಿಲ್ಲ. ಅದರ ಜಾಗಾದಾಗ ಒಂದ ಹಸರ ಸೀರಿ ಗಂಟ ಇತ್ತು. ಆಕಿ ಮದುವಿ ಆಗಿ ಬಂದ ವರ್ಷ ಉಡತಿದ್ದ ಇಳಕಲ್ ಸೀರಿ, ನನಗ ಗುರ್ತ ಹತ್ತಿತು. ಬಿಚ್ಚಿದ್ನಿ. ರಬ್ಬರ್ ಪೈಪ ಇಲಿ ಕಡದಿರಬೇಕು, ಅದನ್ನ ತಗದ ಒಗದಿದ್ಲು. ಒಲಿಗೆ ಮಾತ್ರ ತುಕ್ಕ ಇರಲಿಲ್ಲ, ಒಂದ ಕಣ ಧೂಳ ಇರಲಿಲ್ಲ. ದೀಪಾವಳಿಗೊಮ್ಮೆ ಏರಿ, ತಾ ಯಾವುದಕ್ಕ ಅಂಜತಿದ್ಲೋ ಅದನ್ನ ಒರಸಿ ಒರಸಿ ಇಟ್ಟಿದ್ಲು. ನನ್ನ ಮಾರಿ ಅದರಾಗ ಕಂಡಿತು. ನೋಡಾಕ ಆಗಲಿಲ್ಲ ನನಗ.

ಭಾಳ ಹೊತ್ತಾತು ಅಂತ ಕಾಣತೈತಿ. ಕೆಳಗಿಂದ ಆಕಿ ಕೇಳಿದ್ಲು, “ಇಳಸ್ತೀರೇನ್ರಿ ಅಕ್ಕಾರ?”

ಬಂದ ವರ್ಷದ ಅಂಜಿಕಿ ಇನ್ನೂ ಆ ದನ್ಯಾಗ ಇತ್ತು. ಅಂಜೂದ ಬಿಟ್ನಿ ಅಂತ ನಿನ್ನೆ ಸುಳ್ಳ ಹೇಳಿದ್ಲು.

ಸೀರಿ ಮೊದಲಿನಂಗ ಸುತ್ತಿ ಗಂಟ ಹಾಕಿದ್ನಿ. “ಇಲ್ಲವಾ,” ಅಂದ್ನಿ. “ನಾ ಅಷ್ಟ ಇಳೀತೀನಿ. ನಿಚ್ಚಣಿಕಿ ಗಟ್ಟಿ ಹಿಡಿ.”