ಇಪ್ಪತ್ತಾರನೆಯ ಹುಡುಗಿ

ನಾನು ಚಿಕ್ಕವಳಿದ್ದಾಗ ನನ್ನ ಬೆರಳುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೆ ಚಾಪೆಯ ಅಂಚಿನ ಎಳೆ ಬಿಡಿಸುತ್ತಿದ್ದವು, ಸಾಲಿಯಲ್ಲಿ ಪಾಠಕ್ಕೆ ಕೂತರೆ ಓಢಣಿಯ ತುದಿ ಹೊಸೆಯುತ್ತಿದ್ದವು. ಅಮ್ಮ ಬೈದು ಬೈದು ಸಾಕಾಗಿ ಬಿಟ್ಟುಬಿಟ್ಟಿದ್ದಳು. ಆದರೆ ಮಕ್ಕಳೇ, ಅದು ಬೆರಳುಗಳ ತಪ್ಪಲ್ಲ. ಇಲಕಲ್ಲಿನ ನಮ್ಮ ಓಣಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಬೆರಳಿಗೆ ತಿಳಿವಳಿಕೆ ಬಂದ ದಿನದಿಂದಲೇ ಕೆಲಸ ಇರುತ್ತಿತ್ತು.

ಅಪ್ಪ ಮಗ್ಗದ ಮೇಲೆ ಸೀರೆ ನೇಯುತ್ತಿದ್ದರು. ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಕೆಂಪು ರೇಷ್ಮೆ ಎಳೆ ಬೇರೆ. ನೇಯುವ ಮೊದಲು ಒಂದೊಂದು ಎಳೆಯನ್ನೂ ಅದರ ಜೋಡಿಗೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಸಾವಿರಾರು ಎಳೆ, ಸಾವಿರಾರು ಕೊಂಡಿ. ಮನೆಯ ಕೊಂಡಿಯನ್ನು ಮನೆಯ ಹೆಣ್ಣುಮಕ್ಕಳೇ ಹಾಕಬೇಕು ಅನ್ನುವುದು ಓಣಿಯ ರೂಢಿ. ನಮ್ಮಲ್ಲಿ ಅದು ಅಕ್ಕನ ಕೆಲಸ ಮತ್ತು ನನ್ನ ಕೆಲಸ. ಮನೆಯ ಮಾತಿನಲ್ಲಿ ಅವಳನ್ನು ನಾನು ಆಪಾ ಅನ್ನುತ್ತಿದ್ದೆ. ನಿಮಗಾಗಿ ಇಲ್ಲಿ ಅಕ್ಕ ಅಂತಲೇ ಬರೆಯುತ್ತೇನೆ.

ಕೊನೆಗೆ ಎಲ್ಲೋ ಒಂದು ಎಳೆ ಜೋಡಿಯಿಲ್ಲದೆ ಉಳಿದರೆ ಅಪ್ಪ ಸಿಟ್ಟಾಗುತ್ತಿರಲಿಲ್ಲ. ಗೋಡೆಯ ಮೊಳೆಗೆ ದಾರದ ಒಂದು ಸಣ್ಣ ಲಡಿ ಸದಾ ತೂಗುತ್ತಿತ್ತು. “ಮೊಳಿಯಿಂದ ಒಂದು ಎಳಿ ತಂದು ಜೋಡಿ ಮಾಡ್ರಿ” ಅಂದುಬಿಡುತ್ತಿದ್ದರು. ಉಳಿದ ಎಳೆಯನ್ನು ಕತ್ತರಿಸಿ ಎಸೆಯುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಗಣಿತದ ಮಾಸ್ತರು ಮನೆಗೆ ಬಂದರು. ಮಗ್ಗದ ಪಕ್ಕದ ಹೊರಸಿನ ಮೇಲೆ ಕೂತು ಚಹಾ ಕುಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

“ಬಾಗಲಕೋಟ್ಯಾಗ ಗಣಿತದ ಸ್ಪರ್ಧಾ ಐತ್ರಿ. ಸುತ್ತಲಿನ ಸಾಲಿಯಿಂದ ಒಬ್ಬೊಬ್ಬರನ್ನ ಕಳಸ್ತಾರ. ನಮ್ಮ ಸಾಲಿಯಿಂದ ನಿಮ್ಮ ಸಣ್ಣ ಮಗಳನ್ನ ಕಳಸಬೇಕಂತ ಮಾಡೇನಿ. ಐದು ಪ್ರಶ್ನಿ, ಮೂರು ತಾಸು. ಪುಸ್ತಕದಾಗಿನ ಲೆಕ್ಕ ಅಲ್ರಿ, ತಲಿ ಹಚ್ಚಿ ವಿಚಾರ ಮಾಡೂವಂಥಾವು. ಸಂಜೀಕ ಅಲ್ಲೇ ಗೆದ್ದವರ ಹೆಸರು ಕೂಗತಾರ.”

ಅಪ್ಪ ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. “ಮಾಸ್ತರ್ರ, ನಿಮ್ಮ ಮುಂದ ಏನು ಮುಚ್ಚಿಡೂದು. ಹಿರೇ ಮಗಳ ಲಗ್ನ ಗೊತ್ತಾಗೇತಿ. ಆಕಿ ಹುನಗುಂದಕ್ಕ ಹೋದ್ರ ಕೊಂಡಿಗೆ ಯಾರು ಕೂಡಬೇಕು? ಈಕೀನ್ನ ಸಾಲಿ ಬಿಡಸಬೇಕಂತ ಮಾಡೇನಿ.”

ನಾನು ಬಾಗಿಲ ಸಂದಿಗೆ ಕಿವಿ ಹಚ್ಚಿದೆ. ಮಾಸ್ತರು ಖಾಲಿ ಬಸಿಯನ್ನೇ ನೋಡುತ್ತ ಕೂತರು. ಅವರು ಹಾಗೆ ಸುಮ್ಮನೆ ಕೂತದ್ದೇ ಒಳ್ಳೆಯದಾಯಿತು. ಅಪ್ಪನಿಗೇ ತಡೆಯಲಾಗದೆ ಬಾಗಿಲ ಕಡೆ ತಿರುಗಿ ಅಂದರು: “ಏ, ಕೇಳಸ್ತದಿಲ್ಲೊ ಅಲ್ಲಿ? ಹೋಗೂಣು. ಅಷ್ಟು ಮಂದ್ಯಾಗ ನಿನ್ನ ಹೆಸರು ಕೂಗಿದ್ರ, ಹತ್ತನೇತ್ತಾ ಮುಗಿಯೂತನಕ ಸಾಲಿ. ಕೂಗಲಿಲ್ಲಂದ್ರ ಮರುದಿನದಿಂದ ಅಕ್ಕನ ಬಾಜೂಕ ಕೂಡಬೇಕು. ಆತಿಲ್ಲ?”

ಆತು ಅಂದೆ. ಬೇರೆ ಏನು ಅನ್ನಲಿ?

ಸ್ಪರ್ಧೆ ಇದ್ದ ರವಿವಾರ ಬೆಳಗಿನ ನಮಾಜು ಮುಗಿಸಿ ಹೊರಡಲು ಅಣಿಯಾದೆ. ಅಕ್ಕ ತಲೆ ಬಾಚಿ ಎರಡು ಜಡೆ ಹಾಕಿದಳು, ಎಷ್ಟು ಬಿಗಿ ಅಂದರೆ ಹುಬ್ಬು ಮೇಲೆ ಹೋಗುವಷ್ಟು. “ನಿನ್ನ ಪಾಲಿನ ಕೊಂಡಿ ಇವತ್ತ ನಾ ಹಾಕ್ತೇನಿ. ನೀ ಅಲ್ಲಿ ಹೋಗಿ ಮಂದಿ ಮಾರಿ ನೋಡಕೋತ ಕೂತಿ ಅಂದ್ರ ನೋಡು ಮತ್ತ!” ಅಂದಳು. ಅವಳು ಏಳನೆಯದಕ್ಕೇ ಸಾಲಿ ಬಿಟ್ಟವಳು. ಅವಳ ಹೆಸರು ಎಲ್ಲಾದರೂ ಕೂಗಲಿ ಅಂತ ಯಾರೂ ಕಾಯ್ದಿರಲಿಲ್ಲ. ಇದು ನನಗೆ ಆವತ್ತು ಹೊಳೆಯಲಿಲ್ಲ.

ಅಪ್ಪ ಮಗ್ಗ ನಿಲ್ಲಿಸಿ ನನ್ನ ಜೊತೆ ಹೊರಟರು. ಬಸ್ಸಿನಲ್ಲಿ ಹಸಿ ಮೆಣಸಿನಕಾಯಿ ಚೀಲದ ವಾಸನೆ, ಡೀಸೆಲ್ಲಿನ ವಾಸನೆ. ಹುನಗುಂದ ಬಂತು, ಕಮತಗಿ ಬಂತು, ಶಿರೂರು ಬಂತು. ಒಂದೊಂದು ಊರು ಬಂದಾಗಲೂ ಬಸ್ಸು ಇಲ್ಲೇ ಕೆಟ್ಟು ನಿಲ್ಲಲಿ ಅನ್ನಿಸುತ್ತಿತ್ತು. ಹೊರಟ ಕೂಡಲೇ ಅಯ್ಯೋ, ಇನ್ನೂ ಜೋರಾಗಿ ಹೋಗಬಾರದೆ ಅನ್ನಿಸುತ್ತಿತ್ತು. ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಬೆರಳು ಓಢಣಿಯ ತುದಿಯಲ್ಲಿ ಕೊಂಡಿ ಹಾಕುತ್ತಲೇ ಇತ್ತು.

ಬಾಗಲಕೋಟೆಯ ಹಳೆಯ ಊರಿನಲ್ಲಿ ಒಂದು ದೊಡ್ಡ ಸಾಲಿ. ಅಂಗಳದಲ್ಲಿ ಬೇವಿನ ಗಿಡ. ಅಪ್ಪ ಅದರ ಕೆಳಗೆ ಚೀಲ ಹಾಸಿಕೊಂಡು ಕೂತರು. ನಾನು ಒಳಗೆ ಹೋದೆ. ನನ್ನ ಪಕ್ಕದ ಬೆಂಚಿನಲ್ಲಿ ಕರಿ ಬೂಟು ಹಾಕಿದ ಒಬ್ಬ ಹುಡುಗಿ ಇದ್ದಳು. ನನ್ನ ಕಾಲಲ್ಲಿ ಅಕ್ಕನ ಚಪ್ಪಲಿ. ಅದು ದೊಡ್ಡದಾಗಿ ನಡೆದಾಗ ಪಟಪಟ ಅನ್ನುತ್ತಿತ್ತು.

ಬಿಸ್ಮಿಲ್ಲಾ ಅಂದು ಹಾಳೆ ತಿರುವಿದೆ. ಮೊದಲನೆಯದು ಆಯಿತು. ಎರಡನೆಯದೂ ಒದ್ದಾಡಿ ಒದ್ದಾಡಿ ಆಯಿತು. ಮೂರನೆಯದು ಇದು:

ಒಂದು ಕೋಣೆಯಲ್ಲಿ ಇಪ್ಪತ್ತೈದು ಹುಡುಗಿಯರು ಇದ್ದಾರೆ. ಪ್ರತಿಯೊಬ್ಬಳೂ ಉಳಿದವರಲ್ಲಿ ಸರಿಯಾಗಿ ಏಳು ಜನರ ಕೈಕುಲುಕಬೇಕು. ಯಾರಿಗೂ ಒಂದು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು. ಇದು ಸಾಧ್ಯವೆ? ಕಾರಣ ಕೊಡಿ.

ನೀವೂ ಒಂದು ಗಳಿಗೆ ಯೋಚಿಸಿ ನೋಡಿ. ನಾನು ಇಪ್ಪತ್ತೈದು ಚುಕ್ಕೆ ಇಟ್ಟೆ. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದೆ. ಎಲ್ಲರಿಗೂ ಏಳೇಳು ಆಗುತ್ತ ಬಂದು ಕೊನೆಗೆ ಒಬ್ಬಳಿಗೆ ಆರೇ. ಅಳಿಸಿದೆ. ಮತ್ತೆ ಎಳೆದೆ. ಈ ಸಲ ಇನ್ನೊಬ್ಬಳಿಗೆ ಆರು. ಹಾಳೆ ತೂತು ಬೀಳುವಷ್ಟು ಅಳಿಸಿದೆ. ಪಕ್ಕದ ಬೂಟಿನ ಹುಡುಗಿ ಆಗಲೇ ನಾಲ್ಕನೆಯದಕ್ಕೆ ಹೋಗಿದ್ದಳು.

ಆಗ ಕೆಳಗೆ ನೋಡಿದೆ. ಎಡಗೈ ನನ್ನನ್ನು ಕೇಳದೆ ಓಢಣಿಯ ಕುಚ್ಚಿನಲ್ಲಿ ಕೊಂಡಿ ಹಾಕುತ್ತ ಕೂತಿತ್ತು. ಎರಡು ಎಳೆ, ಒಂದು ಕೊಂಡಿ. ಎರಡು ಎಳೆ, ಒಂದು ಕೊಂಡಿ. ಕೊನೆಗೆ ಒಂದು ಎಳೆ ಒಂಟಿಯಾಗಿ ಜೋತಾಡುತ್ತಿತ್ತು.

ಥಟ್ಟನೆ ತಿಳಿಯಿತು. ಕೈಕುಲುಕುವುದೂ ಒಂದು ಕೊಂಡಿಯೇ ಅಲ್ಲವೆ? ಒಂದು ಸಲಕ್ಕೆ ಎರಡು ಕೈ ಬೇಕು. ಇಪ್ಪತ್ತೈದು ಹುಡುಗಿಯರು ಏಳೇಳು ಸಲ ಕೈ ಚಾಚಿದರೆ ಒಟ್ಟು ನೂರಾ ಎಪ್ಪತ್ತೈದು ಕೈ. ಎರಡೆರಡು ಜೋಡಿ ಮಾಡುತ್ತ ಹೋದರೆ ಕೊನೆಗೆ ಒಂದು ಕೈ ಗಾಳಿಯಲ್ಲಿ ಉಳಿಯುತ್ತದೆ. ಗೆರೆ ಹೇಗೆ ಎಳೆದರೂ ಉಳಿದೇ ಉಳಿಯುತ್ತದೆ.

ಇಷ್ಟು ಬರೆದು “ಸಾಧ್ಯವಿಲ್ಲ” ಅಂತ ಸೇರಿಸಿ ಮುಂದೆ ಹೋಗಬೇಕಾಗಿತ್ತು. ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ನಾನು ನೇಕಾರರ ಮಗಳು. ಒಂದು ಉಳಿದಿದೆ ಅಂದ ಮೇಲೆ ಅದನ್ನು ಹಾಗೇ ಬಿಟ್ಟು ಏಳುವುದು ಹೇಗೆ? ನನ್ನ ಮನಸ್ಸು ನೆಟ್ಟಗೆ ಗೋಡೆಯ ಮೊಳೆಗೆ ಹೋಯಿತು. ಬರೆದೆ: “ಒಂದು ಕೈ ಉಳಿಯುತ್ತದೆ. ಆದ್ದರಿಂದ ಹೊರಗಿನಿಂದ ಒಬ್ಬ ಹುಡುಗಿಯನ್ನು ಕರೆಯಬೇಕು. ಇಪ್ಪತ್ತಾರು ಜನರನ್ನು ದುಂಡಗೆ ಕೂಡಿಸಬೇಕು. ಪ್ರತಿಯೊಬ್ಬಳೂ ಎಡಕ್ಕೆ ಮೂವರ, ಬಲಕ್ಕೆ ಮೂವರ, ನೇರ ಎದುರಿಗೆ ಕೂತ ಒಬ್ಬಳ ಕೈಕುಲುಕಬೇಕು. ಏಳು ಆಗುತ್ತದೆ.” ದುಂಡಗೆ ಚಿತ್ರ ತೆಗೆದು, ಇಪ್ಪತ್ತಾರು ಚುಕ್ಕೆ ಇಟ್ಟು ಎಲ್ಲ ಗೆರೆ ಎಳೆದೆ. ಚಂದ ಕಂಡಿತು. ಎಷ್ಟು ಹೊತ್ತು ಹೋಯಿತೋ ಗೊತ್ತಾಗಲಿಲ್ಲ. ನಾಲ್ಕನೆಯದು ಅರ್ಧ ಆಗುವಷ್ಟರಲ್ಲಿ ಗಂಟೆ ಹೊಡೆಯಿತು. ಐದನೆಯದನ್ನು ಓದಿಯೂ ಇರಲಿಲ್ಲ.

ಪಡಸಾಲೆಯಲ್ಲಿ ಬೂಟಿನ ಹುಡುಗಿ ಕೇಳಿದಳು, “ಮೂರನೇದಕ್ಕ ಏನು ಬರದಿ?” ಹೇಳಿದೆ. ಅವಳು ಬಾಯಿಗೆ ಕೈ ಹಿಡಿದು ನಕ್ಕಳು. “ಯವ್ವಾ! ಇಪ್ಪತ್ತೈದು ಅಂತ ಅವರು ಕೊಟ್ಟಾರ. ನೀ ಮನಿಯಿಂದ ಒಬ್ಬಾಕೀನ್ನ ಕರಕೊಂಡು ಬಂದೀಯೇನು? ‘ಸಾಧ್ಯವಿಲ್ಲ’ ಅಂತಾದ್ರೂ ಬರದೀಯೋ ಇಲ್ಲೋ?”

ಬರೆದಿರಲಿಲ್ಲ! ಆ ಒಂದು ಶಬ್ದ ಬರೆದಿರಲೇ ಇಲ್ಲ.

ಸಂಜೆಯವರೆಗೆ ಕಾಯಬೇಕಿತ್ತು. ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಅಪ್ಪನ ಮುಂದೆ ಬಿಚ್ಚಿಟ್ಟೆ. “ಹೆಂಗಾತು?” ಅಂದರು ಅಪ್ಪ. “ಆತು” ಅಂದೆ. ಗಿಡದ ಸುತ್ತ ತಿರುಗಿದೆ, ಕೂತೆ, ಎದ್ದೆ, ನೀರು ಕುಡಿದೆ, ಮತ್ತೆ ತಿರುಗಿದೆ. ಬೇವಿನ ಕಾಯಿ ಕಾಲಡಿ ಪಚಕ್ ಅನ್ನುತ್ತಿದ್ದವು. ಕಣ್ಣ ಮುಂದೆ ಅಕ್ಕನ ಬಾಜೂಕಿನ ಆ ಜಾಗ, ಆ ಸಣ್ಣ ಮಣೆ. ನಾಳೆಯಿಂದ ಅಲ್ಲೇ. ಅಪ್ಪ ಮೂಲೆಯಲ್ಲಿ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದರು. ಅವರು ಕೂತಿದ್ದ ಚೀಲ ನೋಡಿದೆ. ಅದರ ಒಂದು ಅಂಚು ಪೂರ್ತಿ ಬಿಚ್ಚಿ ಹೋಗಿತ್ತು. ಬೆಳಗಿನಿಂದ ಅವರ ಬೆರಳೂ ಸುಮ್ಮನಿರಲಿಲ್ಲ.

ಸಂಜೆ ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದರು. ಉತ್ತರ ನೋಡಿದ, ಕೋಟು ಹಾಕಿದ ಹಿರಿಯರೊಬ್ಬರು ಚೀಟಿ ಹಿಡಿದು ನಿಂತರು. ಮೊದಲನೆಯ ಹೆಸರು ಓದಿದರು. ನಾನಲ್ಲ. ಎರಡನೆಯದು ಬೂಟಿನ ಹುಡುಗಿ. ಮೂರನೆಯ ಹೆಸರು ಓದುವಾಗ ನಾನು ಕಣ್ಣು ಮುಚ್ಚಿ ಅಲ್ಲಾಹನನ್ನು ನೆನೆದೆ. ಅದೂ ನಾನಲ್ಲ. ಕಣ್ಣು ತೆರೆದರೆ ಅಪ್ಪ ಹೆಗಲ ವಸ್ತ್ರ ಝಾಡಿಸಿ, ಚೀಲ ಮಡಚುತ್ತಿದ್ದರು. ಮಂದಿ ಏಳುತ್ತಿದ್ದರು.

“ಕೂಡ್ರಿ, ಕೂಡ್ರಿ. ಇನ್ನೊಂದು ಮಾತು ಐತಿ” ಅಂದರು ಆ ಹಿರಿಯರು. ಆಮೇಲೆ ನನ್ನ ಹೆಸರು, ನನ್ನ ಊರು, ಜೋರಾಗಿ ಕೂಗಿದರು. “ಎಲ್ಲಿದ್ದಾಳ ಈಕಿ?”

ನಾನು ಎದ್ದೆ. ಅಕ್ಕನ ಚಪ್ಪಲಿ ಪಟ್ ಅಂದಿತು.

“ಮೂರನೇ ಪ್ರಶ್ನಿಗೆ ಭಾಳ ಮಂದಿ ‘ಸಾಧ್ಯವಿಲ್ಲ’ ಅಂತ ಬರದಾರ. ಖರೆ ಐತಿ. ಈಕಿ ಆ ಶಬ್ದ ಬರಿಯೂದ ಮರತಾಳ, ಆದ್ರ ಕಾರಣ ಎಲ್ಲಾರಿಗಿಂತ ಚಂದ ಹೇಳ್ಯಾಳ. ಮ್ಯಾಲೆ, ನಾವು ಕೇಳದ ಇದ್ದದ್ದನ್ನೂ ಬರದಾಳ. ಹೆಂಗ ಮಾಡಿದ್ರ ಆಗತೈತಿ ಅನ್ನೂದು. ಪೂರ್ತಿ ಮಾರ್ಕು ಕೊಟ್ಟೇನಿ. ಆದ್ರ ಅದರಾಗ ವ್ಯಾಳ್ಯಾ ಕಳದು ಐದನೇದು ಬಿಟ್ಟಾಳ.” ಎಲ್ಲರೂ ನಕ್ಕರು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಏನವಾ, ಈ ಇಪ್ಪತ್ತಾರನೇ ಹುಡುಗೀನ್ನ ಎಲ್ಲಿಂದ ಕರಕೊಂಡು ಬಂದಿ?”

ನನ್ನ ಬಾಯಿಂದ ಬಂದದ್ದು ಒಂದೇ ಮಾತು. “ಮೊಳಿಯಿಂದ್ರಿ.”

ಯಾರಿಗೂ ಏನೂ ತಿಳಿಯಲಿಲ್ಲ. ಬೇವಿನ ಗಿಡದ ಕೆಳಗೆ ಒಬ್ಬರೇ ಒಬ್ಬರು ಗಟ್ಟಿಯಾಗಿ ನಕ್ಕರು. ಅಪ್ಪ.

ಅಪ್ಪ ಮತ್ತು ನಾನು ವಾಪಸು ಬಸ್ಸು ಹತ್ತಿದೆವು. ಬಿಸಿಲು ಇಳಿದು ಜೋಳದ ಹೊಲ ಕೆಂಪಾಗಿತ್ತು. ನಾನು ಕಿಟಕಿಯ ಸರಳು ಹಿಡಿದು ಕೂತಿದ್ದೆ. ನಾಳೆ ಕೊಂಡಿಯ ಮಣೆಯೋ ಸಾಲಿಯ ಪಾಟಿಯೋ, ಕೇಳಲು ಧೈರ್ಯ ಬರಲಿಲ್ಲ. ಕಮತಗಿ ದಾಟಿದ ಮೇಲೆ ಅವರೇ ಬಾಯಿ ಬಿಟ್ಟರು.

“ಹೆಸರು ಕೂಗಿದ್ರಲ್ಲ.”

“ಅದು ಬಹುಮಾನದ್ದಲ್ಲಪಾ. ನಾ ಗೆದ್ದಿಲ್ಲ.”

“ನಾ ಬಹುಮಾನ ತರಬೇಕು ಅಂದಿದ್ದೆನೇನು? ಹೆಸರು ಕೂಗಬೇಕು ಅಂದಿದ್ದೆ. ಅಷ್ಟು ಮಂದ್ಯಾಗ ಕೂಗಿದ್ರು. ನಾ ಕೇಳೇನಿ.”

ಆದರೂ ಕೇಳದೆ ಇರಲಾಗಲಿಲ್ಲ. “ಮತ್ತ ಕೊಂಡಿಗೆ ಯಾರು?”

ಅಪ್ಪ ಹೊರಗೆ ನೋಡುತ್ತ ಅಂದರು, “ನೀನ ಬರದು ಬಂದೀಯಲ್ಲ. ಹೊರಗಿನಿಂದ ಒಬ್ಬಾಕೀನ್ನ ಕರೀಬೇಕು ಅಂತ. ಕರೀತೇನಿ.”

ಕರೆದರು. ಅಕ್ಕ ಹುನಗುಂದಕ್ಕೆ ಹೋದ ಮೇಲೆ ಬಾಜೂ ಮನೆಯ ಹರೆಯದ ಸೊಸೆ, ನಾವು ಕಾಕು ಅನ್ನುತ್ತಿದ್ದವಳು, ದಿನಾ ರೊಟ್ಟಿ ಬಡಿದು ಮುಗಿಸಿ ನಮ್ಮ ಮನೆಗೆ ಬಂದು ಕೊಂಡಿಗೆ ಕೂಡತೊಡಗಿದಳು. ಹೊರಗಿನ ಹೆಣ್ಣುಮಗಳು ಕೂತಳು ಅಂತ ಓಣಿಯಲ್ಲಿ ನಾಲ್ಕು ದಿನ ಮಾತು ಬಂತು, ಆಮೇಲೆ ನಿಂತಿತು. ನಾನು ಹತ್ತನೆಯದು ಮುಗಿಸಿದೆ. ಮುಂದೆ ಲಗ್ನ, ಒಲೆ, ಮಕ್ಕಳು. ದೊಡ್ಡವಳೇನೂ ಆಗಲಿಲ್ಲ. ಆದರೆ ಆ ಎರಡು ವರ್ಷ ನನ್ನವು, ಯಾರೂ ಕಸಿದುಕೊಳ್ಳಲಿಲ್ಲ. ಶುಕ್ರ್, ಅಲ್ಲಾಹನ ದಯೆ.

ಈಗ ನನ್ನ ಮೊಮ್ಮಗಳು ಬಾಗಲಕೋಟೆಯ ನವನಗರದ ಮನೆಯಲ್ಲಿ ಇಂಥದೇ ಸ್ಪರ್ಧೆಗೆ ಓದುತ್ತಾಳೆ. ಇಟ್ಟಿಗೆಯಷ್ಟು ದಪ್ಪ ಪುಸ್ತಕ. ಲೆಕ್ಕ ಅಡ್ಡ ಬಂದರೆ ಫೋನಿನಲ್ಲಿ ಯಾರೋ ದೂರದ ಊರಿನವರು ಬಿಡಿಸಿ ತೋರಿಸುತ್ತಾರೆ. ಪರೀಕ್ಷೆಗೆ ಅವಳ ಅಪ್ಪ ಕಾರಿನಲ್ಲಿ ಬಿಟ್ಟು ಬರುತ್ತಾನೆ. ನಾನು ಪರೀಕ್ಷೆ ಬರೆದ ಆ ಸಾಲಿ, ಆ ಬೇವಿನ ಗಿಡದ ಜಾಗದ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ. ಎಲ್ಲ ಬದಲಾಗಿದೆ, ಒಂದನ್ನು ಬಿಟ್ಟು. ಲೆಕ್ಕ ಬಗೆಹರಿಯದಿದ್ದಾಗ ಅವಳ ಕಾಲು ಮೇಜಿನ ಕೆಳಗೆ ಒಂದೇ ಸಮನೆ ಅಲುಗುತ್ತದೆ. ಅವಳ ಅಮ್ಮ ಬೈಯುತ್ತಾಳೆ. ನಾನು ಬೈಯುವುದಿಲ್ಲ.

ಮೊನ್ನೆ ನನ್ನ ಇಪ್ಪತ್ತೈದು ಹುಡುಗಿಯರ ಲೆಕ್ಕ ಅವಳಿಗೆ ಕೊಟ್ಟೆ. “ಇದು ಭಾಳ ಹಗುರ ಅಜ್ಜಿ” ಅಂತ ಎರಡು ನಿಮಿಷದಲ್ಲಿ “ಸಾಧ್ಯವಿಲ್ಲ” ಅಂತ ಬರೆದು ಗೆರೆ ಎಳೆದಳು. ಈ ಕಥೆ ಹೇಳಿದೆ. ಕೇಳಿ ಪುಸ್ತಕ ಮುಚ್ಚಿಟ್ಟು ಅಂದಳು: “ಅಜ್ಜಿ, ಆ ಕಾಕುಗ ಸಾಲಿಗೆ ಹೋಗಬೇಕಂತ ಇರಲಿಲ್ಲೇನು?”

ನನಗೆ ಗೊತ್ತಿಲ್ಲ ಮಕ್ಕಳೇ. ಆ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಅವಳನ್ನು ಕೇಳಿರಲಿಲ್ಲ. ನಿಮ್ಮ ಓದಿಗೆ ಯಾರೂ ಬಾಜೂ ಮನೆಯಿಂದ ಎದ್ದು ಬರಬೇಕಾಗಿಲ್ಲ. ನನ್ನ ಓದಿಗೆ ಒಬ್ಬಳು ಬಂದಿದ್ದಳು. ನಮಾಜು ಮುಗಿಸಿ ಬೆರಳ ಗೆಣ್ಣಿನ ಮೇಲೆ ಅಲ್ಲಾಹನು ಕೊಟ್ಟದ್ದನ್ನೆಲ್ಲ ಎಣಿಸುವಾಗ ಅಪ್ಪ ಬರುತ್ತಾರೆ, ಅಕ್ಕ ಬರುತ್ತಾಳೆ, ಮಾಸ್ತರು ಬರುತ್ತಾರೆ. ಮೊನ್ನೆಯಿಂದ ಇನ್ನೊಂದು ಗೆಣ್ಣು ಮುಂದೆ ಹೋಗಿ ಕಾಕುವನ್ನೂ ಎಣಿಸುತ್ತೇನೆ.